ಟರ್ಬೊ ಡೀಸೆಲ್ ವಾಹನಕ್ಕೆ ಏರ್ ಫಿಲ್ಟರ್ ಆಯ್ಕೆ: ಎಂಜಿನ್ನಿಗೂ ಸೋಸಿದ ಗಾಳಿ ಬೇಕು



ಹಾಲಿನ ಪತ್ರಿಕೆಯಲ್ಲಿ ಲಾರಿಯ ಮಾತೇಕೆ ಎಂದು ನೀವು ಕೇಳಬಹುದು. ನಮ್ಮ ಸದಸ್ಯರಲ್ಲಿ ಹಲವರು ಈಗ ಪಿಕಪ್ ವಾಹನ ಅಥವಾ ಸಣ್ಣ ಲಾರಿ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಸಂಜೆ ಹಾಲಿನ ಕ್ಯಾನು, ಮಧ್ಯಾಹ್ನ ಪಶು ಆಹಾರದ ಮೂಟೆ, ಸುಗ್ಗಿಯಲ್ಲಿ ರಾಗಿ ಹುಲ್ಲು, ಜೋಳದ ಸಪ್ಪೆ ಎಲ್ಲವೂ ಅದರ ಮೇಲೆಯೇ. ಹಾಲಿನ ರೂಟಿನಲ್ಲಿ ವಾಹನ ಒಂದು ಸಂಜೆ ನಿಂತರೆ ಕ್ಯಾನಿನಲ್ಲಿರುವ ಹಾಲು ಕಾಯುವುದಿಲ್ಲ. ಹತ್ತು ಮನೆಯವರ ಕೈಕೆಲಸ ರಸ್ತೆಯಲ್ಲೇ ಹುಳಿಯಾಗುತ್ತದೆ. ವಾಹನದ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಈಚೆಗೆ ಸದಸ್ಯರು ಕೇಳುವ ಒಂದು ಪ್ರಶ್ನೆಯಿದೆ. ಸ್ಪೇರ್ ಪಾರ್ಟ್ಸ್ ಅಂಗಡಿಯವರು, "ಕಂಪನಿಯ ಏರ್ ಫಿಲ್ಟರ್ ಡಬ್ಬಿ ತೆಗೆದುಹಾಕಿ ಈ ಹೊಸ ಫಿಲ್ಟರ್ ಹಾಕಿಸಿ. ಗಾಳಿ ಜಾಸ್ತಿ ಬರುತ್ತದೆ, ಎಳೆತ ಹೆಚ್ಚುತ್ತದೆ, ಡೀಸೆಲ್ ಉಳಿಯುತ್ತದೆ, ತೊಳೆದು ತೊಳೆದು ಬಳಸಬಹುದು" ಎನ್ನುತ್ತಾರೆ. ಹಾಕಿಸಬೇಕೇ, ಬೇಡವೇ? ಉತ್ತರ ಕೊಡುವ ಮೊದಲು ಎಂಜಿನ್ನಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ.

ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆ?

ಒಂದು ಲೀಟರ್ ಡೀಸೆಲ್ಲಿನ ತೂಕ ಸುಮಾರು 830 ಗ್ರಾಂ. ಅದು ಪೂರ್ತಿ ಉರಿಯಲು ಕಡಿಮೆಯೆಂದರೂ 12 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಇದು ಸುಮಾರು 10 ಸಾವಿರ ಲೀಟರ್. ಡೀಸೆಲ್ ಎಂಜಿನ್ ಯಾವಾಗಲೂ ಅಗತ್ಯಕ್ಕಿಂತ ಹೆಚ್ಚು ಗಾಳಿ ಎಳೆಯುವುದರಿಂದ ಲೀಟರ್ ಡೀಸೆಲ್ಲಿಗೆ 15 ಸಾವಿರ ಲೀಟರ್ ಗಾಳಿ ಎಂದು ಹಿಡಿದರೆ ಅತಿಶಯವಲ್ಲ. ಹಾಲಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಡೀಸೆಲ್ಲಿಗೆ 40 ಲೀಟರಿನ 375 ಕ್ಯಾನು ಗಾಳಿ! ದಿನಕ್ಕೆ 6 ಲೀಟರ್ ಸುಡುವ ಪಿಕಪ್ ದಿನವೂ 90 ಸಾವಿರ ಲೀಟರ್ ಗಾಳಿ ಕುಡಿಯುತ್ತದೆ.

ಈ ಗಾಳಿ ಎಲ್ಲಿಂದ ಬರುತ್ತದೆ? ನಮ್ಮ ಹಳ್ಳಿಯ ಮಣ್ಣು ರಸ್ತೆಯಿಂದ, ಮುಂದೆ ಹೋಗುವ ಟ್ರಾಕ್ಟರಿನ ಹಿಂದೆ ಏಳುವ ಧೂಳಿನಿಂದ, ಕಣದಲ್ಲಿ ಹಾರುವ ಹೊಟ್ಟಿನ ನಡುವಿನಿಂದ. ಸಂಘದಲ್ಲಿ ಹಾಲನ್ನು ಕ್ಯಾನಿಗೆ ಸುರಿಯುವಾಗ ಸೋಸುತ್ತೇವೆ. ಎಂಜಿನ್ನಿನ ಬಾಯಿಗೆ ಕಟ್ಟಿದ ಸೋಸುವ ಬಟ್ಟೆಯೇ ಏರ್ ಫಿಲ್ಟರ್.

ಟರ್ಬೊ ಏನು ಮಾಡುತ್ತದೆ?

ಹಳೆಯ ಡೀಸೆಲ್ ಎಂಜಿನ್ ತನ್ನ ಪಿಸ್ಟನ್ನಿನ ಬಲದಿಂದಲೇ ಗಾಳಿ ಎಳೆದುಕೊಳ್ಳುತ್ತಿತ್ತು. ಹೊರಗೆ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದರು. ಇದೇ ಟರ್ಬೊ. ಇಂದಿನ ಡೀಸೆಲ್ ಪಿಕಪ್ ಮತ್ತು ಸಣ್ಣ ಲಾರಿಗಳಲ್ಲಿ ಇದು ಸಾಮಾನ್ಯ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ತಣಿಸಲು ಮುಂದೆ ಇಂಟರ್‌ಕೂಲರ್ ಇಟ್ಟಿರುತ್ತಾರೆ.

ಸಣ್ಣ ಡೀಸೆಲ್ ಎಂಜಿನ್ನಿನ ಟರ್ಬೊ ಚಕ್ರ ಪೂರ್ತಿ ಕೆಲಸದಲ್ಲಿರುವಾಗ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ತಿರುಗುವ ತೆಳ್ಳನೆಯ ರೆಕ್ಕೆಗೆ ಮರಳಿನ ಕಣ ಬಡಿದರೆ ಏನಾಗುತ್ತದೆ ಎಂದು ಊಹಿಸಿಕೊಳ್ಳಿ. ರೆಕ್ಕೆಯ ಅಂಚು ಮೊಂಡಾಗುತ್ತದೆ, ಚಕ್ರದ ಸಮತೋಲ ಕೆಡುತ್ತದೆ, ಬೇರಿಂಗ್ ಸವೆಯುತ್ತದೆ.

ಧೂಳಿನಿಂದ ಆಗುವ ಹಾನಿ

ಕಣ್ಣಿಗೆ ಕಾಣುವ ಕಲ್ಲು ಕಸ ಯಾವ ಫಿಲ್ಟರಿನಲ್ಲೂ ನಿಲ್ಲುತ್ತದೆ. ಅಪಾಯ ಇರುವುದು ಕಣ್ಣಿಗೆ ಕಾಣದ ನುಣ್ಣನೆಯ ಧೂಳಿನಲ್ಲಿ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದುಕೊಂಡರೆ, ಎಂಜಿನ್ನನ್ನು ಹೆಚ್ಚಾಗಿ ಸವೆಸುವ ಕಣಗಳು 5ರಿಂದ 20 ಮೈಕ್ರಾನ್ ಗಾತ್ರದವು. ಪಿಸ್ಟನ್ ರಿಂಗಿಗೂ ಲೈನರಿಗೂ ನಡುವೆ ಇರುವ ಆಯಿಲ್ ಪದರ ಕೆಲವೇ ಮೈಕ್ರಾನ್ ದಪ್ಪ. ಕಣ ಅಲ್ಲಿ ಸಿಕ್ಕಿಕೊಂಡರೆ ಪ್ರತಿ ಏಟಿಗೂ ಅರದಂತೆ ಉಜ್ಜುತ್ತದೆ. ಆಯಿಲ್ಲಿಗೆ ಬೆರೆತು ಬೇರಿಂಗುಗಳನ್ನೂ ತಿನ್ನುತ್ತದೆ.

ಇದು ಒಂದೇ ದಿನದಲ್ಲಿ ಗೊತ್ತಾಗುವ ಹಾನಿಯಲ್ಲ. ಮೊದಲು ಆಯಿಲ್ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಆಮೇಲೆ ನೀಲಿ ಹೊಗೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗಿಂದ ಹಬೆ ದಬ್ಬಿಕೊಂಡು ಬರುತ್ತದೆ. ಕೊನೆಗೆ ಏರಿನಲ್ಲಿ ಎಳೆತವಿಲ್ಲ. ಅಷ್ಟು ಹೊತ್ತಿಗೆ ಲೈನರ್, ಪಿಸ್ಟನ್, ಟರ್ಬೊ ಮೂರೂ ಕೆಲಸಕ್ಕೆ ಬಂದಿರುತ್ತವೆ. ಆ ಬಿಲ್ಲಿನಲ್ಲಿ ಒಂದು ಒಳ್ಳೆಯ ಹಸು ಬರುತ್ತದೆ.

ಒಬ್ಬ ಸದಸ್ಯರ ಅನುಭವ

ಹೆಸರು ಬೇಡ. ಹಾಲಿನ ರೂಟಿಗೆ ಪಿಕಪ್ ಓಡಿಸುವ ಒಬ್ಬ ಸದಸ್ಯರು ಕಂಪನಿಯ ಫಿಲ್ಟರ್ ಡಬ್ಬಿ ತೆಗೆಸಿ, ಬಾನೆಟ್ ಒಳಗೆ ತೆರೆದ ಕೋನ್ ಆಕಾರದ ಫಿಲ್ಟರ್ ಕೂಡಿಸಿದರು. ಮೊದಲ ವಾರ ಬಹಳ ಸಂತೋಷ. ಟರ್ಬೊ ಸೀಟಿ ಹೊಡೆಯುವ ಸದ್ದು ಚೆನ್ನಾಗಿ ಕೇಳುತ್ತಿತ್ತು, ವಾಹನ ಹಗುರವಾಗಿ ಓಡಿದಂತೆ ಅನ್ನಿಸುತ್ತಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಆಯಿಲ್ ಕುಡಿಯಲು ಶುರುವಾಯಿತು. ಎಂಜಿನ್ ಬಿಚ್ಚಿದಾಗ ಲೈನರ್ ಸವೆದಿತ್ತು.

ತಪ್ಪು ಎಲ್ಲಿತ್ತು? ಹೊಸ ಫಿಲ್ಟರಿನ ಪೈಪು ಟರ್ಬೊ ಹೋಸಿಗಿಂತ ಸ್ವಲ್ಪ ಸಣ್ಣದಿತ್ತು. ಕ್ಲಿಪ್ ಎಷ್ಟು ಬಿಗಿದರೂ ಹೋಸು ಒಂದು ಕಡೆ ಮಡಿಕೆ ಬಿದ್ದು ಸಂದು ಉಳಿದಿತ್ತು. ಮೆಕ್ಯಾನಿಕ್ ಹೋಸು ಬಿಚ್ಚಿ ಒಳಗೆ ಬೆರಳಾಡಿಸಿದಾಗ ಬೆರಳಿಗೆ ನುಣ್ಣನೆಯ ಕೆಂಪು ಧೂಳು ಅಂಟಿತು. ಫಿಲ್ಟರ್ ಎಷ್ಟೇ ಒಳ್ಳೆಯದಿರಲಿ, ಅದರ ಹಿಂದೆ ಸಂದು ಇದ್ದರೆ ಗಾಳಿ ಸೋಸದೆಯೇ ಒಳಗೆ ಹೋಗುತ್ತದೆ. ಫಿಲ್ಟರಿಗೂ ಟರ್ಬೊಗೂ ನಡುವಿನ ಭಾಗ ಸದಾ ಎಳೆತದಲ್ಲಿರುವುದರಿಂದ ಅಲ್ಲಿನ ಸಣ್ಣ ತೂತು ಹೊರಗಿನ ಧೂಳನ್ನು ಹೀರಿಕೊಳ್ಳುತ್ತದೆ. ಹೊರಗೆ ಯಾವ ಗುರುತೂ ಕಾಣುವುದಿಲ್ಲ.

ಗಾಳಿ ಹೆಚ್ಚಿದರೆ ಎಳೆತ ಹೆಚ್ಚುತ್ತದೆಯೇ?

ಅಂಗಡಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಎಂಜಿನ್ನಿಗೆ ಗಾಳಿ ಸಾಲದಿದ್ದರೆ ಎಳೆತ ಕಡಿಮೆಯಾಗುತ್ತದೆ, ಕಪ್ಪು ಹೊಗೆ ಬರುತ್ತದೆ. ಫಿಲ್ಟರ್ ಕಟ್ಟಿಕೊಂಡಿದ್ದರೆ ಹೊಸದು ಹಾಕಿದ ದಿನ ವಾಹನ ಚುರುಕಾಗುವುದು ನಿಜ. ಆದರೆ ಆ ಚುರುಕು ಕಂಪನಿಯ ಹೊಸ ಫಿಲ್ಟರ್ ಹಾಕಿದ್ದರೂ ಬರುತ್ತಿತ್ತು.

ಡೀಸೆಲ್ ಎಂಜಿನ್ನಿನ ಶಕ್ತಿ ಎಷ್ಟು ಡೀಸೆಲ್ ಒಳಗೆ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಅದನ್ನು ನಿರ್ಧರಿಸುವುದು ಪಂಪು, ಹೊಸ ವಾಹನಗಳಲ್ಲಿ ಕಂಪ್ಯೂಟರ್. ಒಳ್ಳೆಯ ಸ್ಥಿತಿಯಲ್ಲಿರುವ ಎಂಜಿನ್ನಿಗೆ ಕಂಪನಿಯ ಸ್ವಚ್ಛ ಫಿಲ್ಟರ್ ಸಾಕಷ್ಟು ಗಾಳಿ ಕೊಡುತ್ತದೆ. ಬೇಡವಾದಷ್ಟು ಗಾಳಿ ಬಿಟ್ಟರೂ ಡೀಸೆಲ್ ಹೆಚ್ಚದೆ ಶಕ್ತಿ ಹೆಚ್ಚುವುದಿಲ್ಲ. ಹಸುವಿನ ಮುಂದೆ ನೀರಿನ ತೊಟ್ಟಿ ದೊಡ್ಡದು ಮಾಡಿದ ಮಾತ್ರಕ್ಕೆ ಹಾಲು ಹೆಚ್ಚುತ್ತದೆಯೇ? ಮೇವೂ ಬೇಕು.

ಇನ್ನೊಂದು ವಿಷಯ. ಕಂಪನಿಯ ಡಬ್ಬಿ ಎಂಜಿನ್ ಬಿಸಿಯಿಂದ ದೂರದ ಹೊರಗಿನ ಗಾಳಿಯನ್ನು ಎಳೆಯುವಂತೆ ಕೂಡಿಸಿರುತ್ತಾರೆ. ತೆರೆದ ಫಿಲ್ಟರನ್ನು ಬಾನೆಟ್ ಒಳಗೆ ಇಟ್ಟರೆ ಅದು ಎಂಜಿನ್ನಿನ ಬಿಸಿ ಗಾಳಿಯನ್ನೇ ಕುಡಿಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 3ರಷ್ಟು ತೆಳುವಾಗುತ್ತದೆ. 30 ಡಿಗ್ರಿಯ ಬದಲು 60 ಡಿಗ್ರಿ ಗಾಳಿ ಎಳೆದರೆ ಶೇಕಡಾ 9ರಷ್ಟು ನಷ್ಟ. ಗಾಳಿ ಹೆಚ್ಚಿಸಲು ಹೋಗಿ ಕಡಿಮೆ ಮಾಡಿಕೊಂಡಂತೆ.

ಮಾರುಕಟ್ಟೆಯಲ್ಲಿ ಸಿಗುವ ಬಗೆಗಳು

1. ವಾಹನ ಕಂಪನಿಯ ಕಾಗದದ ಫಿಲ್ಟರ್. ಬೆಲೆ ತುಸು ಹೆಚ್ಚು. ಡಬ್ಬಿಗೆ ಸರಿಯಾಗಿ ಕೂರುತ್ತದೆ.

2. ಬೇರೆ ಹೆಸರಾಂತ ತಯಾರಕರ ಅದೇ ಅಳತೆಯ ಕಾಗದದ ಫಿಲ್ಟರ್. ವಾಹನ ಕಂಪನಿಗಳಿಗೆ ಫಿಲ್ಟರ್ ಪೂರೈಸುವ ತಯಾರಕರು ತಮ್ಮ ಹೆಸರಿನಲ್ಲೂ ಮಾರುವುದುಂಟು. ನಂಬಿಕೆಯ ಅಂಗಡಿಯಲ್ಲಿ ಬಿಲ್ಲಿನೊಂದಿಗೆ ಕೊಂಡರೆ ಹಣ ಉಳಿಸಲು ಇದೇ ಸರಿಯಾದ ದಾರಿ.

3. ಎಣ್ಣೆ ಸವರಿದ ಹತ್ತಿ ಬಟ್ಟೆಯ, ತೊಳೆದು ಬಳಸುವ ಫಿಲ್ಟರ್. ಗಾಳಿ ಸಲೀಸಾಗಿ ಹೋಗುತ್ತದೆ. ಆದರೆ ಒಳ್ಳೆಯ ಕಾಗದದ ಫಿಲ್ಟರಿಗೆ ಹೋಲಿಸಿದರೆ ಸಾಮಾನ್ಯವಾಗಿ ನುಣ್ಣನೆಯ ಧೂಳನ್ನು ಹೆಚ್ಚು ಬಿಡುತ್ತದೆ. ತೊಳೆದ ಮೇಲೆ ಅದಕ್ಕೆಂದೇ ಬರುವ ಎಣ್ಣೆಯನ್ನು ಅಳತೆಯಾಗಿ ಹಾಕಬೇಕು. ಎಣ್ಣೆ ಕಡಿಮೆಯಾದರೆ ಧೂಳು ನಿಲ್ಲುವುದಿಲ್ಲ. ಹೆಚ್ಚಾದರೆ ಗಾಳಿಯ ಪೈಪಿನಲ್ಲಿರುವ ಗಾಳಿ ಅಳೆಯುವ ಸೆನ್ಸರಿನ ಮೇಲೆ ಎಣ್ಣೆ ಕೂತು ಅದು ತಪ್ಪು ಲೆಕ್ಕ ಹೇಳಬಹುದು. 2020ರ ಏಪ್ರಿಲ್ ನಂತರದ ಬಿ.ಎಸ್. 6 ವಾಹನದವರು ಇದನ್ನು ವಿಶೇಷವಾಗಿ ಗಮನಿಸಬೇಕು.

4. ತೆರೆದ ಕೋನ್ ಫಿಲ್ಟರ್ ಮತ್ತು ಉಕ್ಕು ಅಥವಾ ಅಲ್ಯೂಮಿನಿಯಂ ಪೈಪು. ಡಬ್ಬಿಯಿಲ್ಲ, ಮಳೆ ನೀರಿಗೆ ಮರೆಯಿಲ್ಲ, ಬಿಸಿ ಗಾಳಿಗೆ ತಡೆಯಿಲ್ಲ. ರೇಸಿನ ವಾಹನಕ್ಕೆ ಸರಿಯಿರಬಹುದು. ಮಣ್ಣು ರಸ್ತೆಯ ಹಾಲಿನ ವಾಹನಕ್ಕೆ ಸಲ್ಲದು.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಒಂದು ಲೆಕ್ಕ ನೋಡಿ. ಒಂದು ಫಿಲ್ಟರ್ ನೂರಕ್ಕೆ 99.5 ಭಾಗ ಧೂಳು ಹಿಡಿಯುತ್ತದೆ, ಇನ್ನೊಂದು 97 ಭಾಗ ಹಿಡಿಯುತ್ತದೆ ಎಂದುಕೊಳ್ಳಿ. ಕೇಳಲು ಎರಡೂ ಒಳ್ಳೆಯವೇ. ಆದರೆ 100 ಗ್ರಾಂ ಧೂಳು ಬಂದಾಗ ಮೊದಲನೆಯದು ಎಂಜಿನ್ನಿಗೆ ಬಿಡುವುದು ಅರ್ಧ ಗ್ರಾಂ, ಎರಡನೆಯದು 3 ಗ್ರಾಂ. ಅಂದರೆ ಆರು ಪಟ್ಟು. ಆದ್ದರಿಂದ ಎಷ್ಟು ಹಿಡಿಯುತ್ತದೆ ಎನ್ನುವುದಕ್ಕಿಂತ ಎಷ್ಟು ಬಿಡುತ್ತದೆ ಎಂದು ಕೇಳಬೇಕು. ಏರ್ ಫಿಲ್ಟರುಗಳನ್ನು ಪರೀಕ್ಷಿಸಲು ಐ.ಎಸ್.ಒ. 5011 ಎಂಬ ಅಂತರರಾಷ್ಟ್ರೀಯ ಕ್ರಮವಿದೆ. ದುಬಾರಿ ಫಿಲ್ಟರ್ ಮಾರುವವರನ್ನು ಈ ಪರೀಕ್ಷೆಯ ಅಂಕಿ ತೋರಿಸಿ ಎಂದು ಕೇಳಿ. ತೋರಿಸದೆ ಬರೀ ಸದ್ದು, ಎಳೆತದ ಮಾತಾಡಿದರೆ ನಮಸ್ಕಾರ ಹೇಳಿ ಬನ್ನಿ.

ಅಂಗಡಿಯಲ್ಲಿ ಏನು ನೋಡಬೇಕು?

1. ಹಳೆಯ ಫಿಲ್ಟರನ್ನು ಜೊತೆಗೆ ಒಯ್ಯಿರಿ. ಪಾರ್ಟ್ ನಂಬರ್, ಎತ್ತರ, ಒಳ ಮತ್ತು ಹೊರ ಅಗಲ ಮೂರನ್ನೂ ಹೋಲಿಸಿ. "ಇದೂ ಕೂರುತ್ತದೆ" ಎಂಬ ಮಾತಿಗೆ ಒಪ್ಪಬೇಡಿ.

2. ರಬ್ಬರ್ ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿರಬೇಕು, ಬಿಟ್ಟ ಕೂಡಲೇ ಮೊದಲಿನಂತಾಗಬೇಕು. ಗಟ್ಟಿಯಾದ, ಬಿರುಕು ಬಿಟ್ಟ ರಬ್ಬರ್ ಡಬ್ಬಿಗೆ ಹೊಂದುವುದಿಲ್ಲ.

3. ಕಾಗದದ ಮಡಿಕೆಗಳು ಸಮವಾಗಿ, ಒತ್ತಾಗಿ ಇರಬೇಕು. ಅಲ್ಲಲ್ಲಿ ಅಗಲ, ಅಲ್ಲಲ್ಲಿ ಅಂಟಿಕೊಂಡಂತೆ ಇದ್ದರೆ ಅಗ್ಗದ ಮಾಲು. ಮಡಿಕೆ ಕಡಿಮೆಯಿದ್ದರೆ ಕಾಗದವೂ ಕಡಿಮೆ, ಬೇಗ ಕಟ್ಟಿಕೊಳ್ಳುತ್ತದೆ.

4. ಮೇಲಿನ ಕೆಳಗಿನ ತಟ್ಟೆಗೆ ಕಾಗದ ಅಂಟಿರುವ ಜಾಗ ನೋಡಿ. ಅಂಟು ಬಿಟ್ಟಿದ್ದರೆ ತೆಗೆದುಕೊಳ್ಳಬೇಡಿ.

5. ಪೆಟ್ಟಿಗೆಯ ಮುದ್ರಣ ಮಸುಕಾಗಿದ್ದರೆ, ಬೆಲೆ ತೀರಾ ಕಡಿಮೆಯಿದ್ದರೆ ಡುಪ್ಲಿಕೇಟ್ ಎಂಬ ಸಂಶಯ ಇರಲಿ. ಬಿಲ್ ಕೇಳಿ ಪಡೆಯಿರಿ.

ಕೂಡಿಸುವಾಗ ಗಮನವಿರಲಿ

ಎಂಜಿನ್ ನಿಲ್ಲಿಸಿ. ಹಳೆಯ ಫಿಲ್ಟರನ್ನು ಮೆಲ್ಲಗೆ ತೆಗೆಯಿರಿ, ಧೂಳು ಒಳ ಪೈಪಿಗೆ ಉದುರಬಾರದು. ಡಬ್ಬಿಯ ಒಳಗನ್ನು ಒದ್ದೆ ಬಟ್ಟೆಯಿಂದ ಒರೆಸಿ. ಗಾಳಿ ಹೊಡೆದರೆ ಧೂಳು ಟರ್ಬೊ ಕಡೆಗೆ ಹಾರುತ್ತದೆ. ಸ್ವಚ್ಛ ಗಾಳಿಯ ಪೈಪಿನ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳಾಡಿಸಿ. ಬಟ್ಟೆಗೆ ಧೂಳು ಅಂಟಿದರೆ ಎಲ್ಲೋ ಸಂದು ಇದೆ ಎಂದೇ ಅರ್ಥ. ಅದನ್ನು ಹುಡುಕದೆ ಹೊಸ ಫಿಲ್ಟರ್ ಹಾಕಿ ಪ್ರಯೋಜನವಿಲ್ಲ. ಹೋಸಿನ ಕೆಳಭಾಗದ ಬಿರುಕು ಮೇಲಿನಿಂದ ಕಾಣುವುದಿಲ್ಲ, ಕೈಯಿಂದ ಮಡಚಿ ನೋಡಬೇಕು.

ಕೆಲವು ಡಬ್ಬಿಗಳ ಕೆಳಗೆ ಬಾತುಕೋಳಿಯ ಕೊಕ್ಕಿನಂತಹ ಒಂದು ರಬ್ಬರ್ ಇರುತ್ತದೆ. ದಪ್ಪ ಧೂಳು ಅಲ್ಲಿ ಕೂಡುತ್ತದೆ. ವಾರಕ್ಕೊಮ್ಮೆ ಅದನ್ನು ಹಿಸುಕಿದರೆ ಧೂಳು ಕೆಳಗೆ ಬೀಳುತ್ತದೆ. ಹರಿದಿದ್ದರೆ ತಕ್ಷಣ ಬದಲಿಸಿ. ಸಣ್ಣ ಖರ್ಚು, ದೊಡ್ಡ ಕಾವಲು.

ಅತಿಯಾದ ಶುಚಿಯೂ ತಪ್ಪು

ನಮ್ಮಲ್ಲಿ ಒಂದು ಅಭ್ಯಾಸವಿದೆ. ವಾರಕ್ಕೊಮ್ಮೆ ಫಿಲ್ಟರ್ ತೆಗೆದು ಟೈರಿಗೆ ಕುಟ್ಟಿ, ಪಂಕ್ಚರ್ ಅಂಗಡಿಯಲ್ಲಿ ಜೋರಾಗಿ ಗಾಳಿ ಹೊಡೆಸಿ ಮತ್ತೆ ಹಾಕುವುದು. ಕುಟ್ಟಿದರೆ ಅಂಚು ಸೊಟ್ಟಗಾಗುತ್ತದೆ. ಜೋರಾದ ಗಾಳಿಯಿಂದ ಕಾಗದದಲ್ಲಿ ಸೂಜಿ ತೂತು ಬೀಳುತ್ತದೆ. ಕಾಗದದ ಮೇಲೆ ಕೂತ ತೆಳು ಧೂಳಿನ ಪದರ ನುಣ್ಣನೆಯ ಧೂಳನ್ನು ಹಿಡಿಯಲು ಸಹಾಯವನ್ನೇ ಮಾಡುತ್ತದೆ. ಪ್ರತಿ ಸಲ ಡಬ್ಬಿ ತೆರೆದಾಗಲೂ ಸ್ವಲ್ಪ ಧೂಳು ಒಳಗೆ ಬೀಳುವ ಅಪಾಯ ಬೇರೆ.

ವಾಹನದ ಪುಸ್ತಕದಲ್ಲಿ ಗಾಳಿ ಹೊಡೆಯಲು ಅನುಮತಿ ಇದ್ದರೆ ಮಾತ್ರ, 30 ಪೌಂಡಿಗೆ ಮೀರದಂತೆ, ಒಳಗಿನಿಂದ ಹೊರಕ್ಕೆ, ನಳಿಕೆಯನ್ನು ದೂರ ಹಿಡಿದು ಹೊಡೆಯಿರಿ. ನಂತರ ಒಳಗೆ ಟಾರ್ಚ್ ಇಟ್ಟು ಕತ್ತಲಲ್ಲಿ ನೋಡಿ. ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಎಸೆಯಿರಿ. ಕಾಗದದ ಫಿಲ್ಟರನ್ನು ತೊಳೆಯಬೇಡಿ. ಒಳಗೆ ಎರಡನೆಯ ಸಣ್ಣ ಫಿಲ್ಟರ್ ಇದ್ದರೆ ಅದನ್ನು ಶುಚಿ ಮಾಡುವ ಗೋಜಿಗೇ ಹೋಗಬೇಡಿ, ಅವಧಿ ಬಂದಾಗ ಬದಲಿಸಿ.

ಬದಲಿಸುವ ಕಾಲ ಯಾವುದು? ಹಲವು ಲಾರಿ, ಟ್ರಾಕ್ಟರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಾಗ ಕೆಂಪು ತೋರಿಸುವ ಸೂಚಕ ಇರುತ್ತದೆ. ಅದಿದ್ದರೆ ಅದನ್ನು ನಂಬಿ. ಇಲ್ಲದಿದ್ದರೆ ವಾಹನದ ಪುಸ್ತಕದಲ್ಲಿ ಧೂಳಿನ ರಸ್ತೆಗೆ ಬೇರೆಯಾಗಿ ಹೇಳಿರುವ ಕಿಲೋಮೀಟರನ್ನು ಪಾಲಿಸಿ. ಬದಲಿಸಿದ ದಿನ ಮತ್ತು ಕಿಲೋಮೀಟರನ್ನು ಡಬ್ಬಿಯ ಮೇಲೆ ಬರೆದಿಡಿ.

ಸದಸ್ಯರ ಪ್ರಶ್ನೆಗಳು

ಪ್ರಶ್ನೆ: ತೊಳೆದು ಬಳಸುವ ಫಿಲ್ಟರಿನಿಂದ ಹಣ ಉಳಿಯುವುದಿಲ್ಲವೇ?
ಉತ್ತರ: ಹತ್ತು ಕಾಗದದ ಫಿಲ್ಟರಿನ ಹಣ ಉಳಿಸಿ ಒಂದು ಟರ್ಬೊ ಕಳೆದುಕೊಂಡರೆ ಅದು ಉಳಿತಾಯವಲ್ಲ. ಡಾಂಬರು ರಸ್ತೆಯಲ್ಲೇ ಓಡುವವರು, ಡಬ್ಬಿಯೊಳಗೆ ಸರಿಯಾಗಿ ಕೂರುವಂಥದ್ದನ್ನು ಕೊಂಡು, ಹೇಳಿದ ಕ್ರಮದಲ್ಲೇ ಎಣ್ಣೆ ಹಾಕಿ ನಿರ್ವಹಿಸಬಲ್ಲವರು ಯೋಚಿಸಬಹುದು. ಮಣ್ಣು ರಸ್ತೆಯವರಿಗೆ ಕಾಗದವೇ ಮೇಲು.

ಪ್ರಶ್ನೆ: ಕ್ವಾರಿ ರಸ್ತೆಯಲ್ಲಿ ಓಡಾಟ. ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಏನು ಮಾಡಲಿ?
ಉತ್ತರ: ಗಾಳಿಯನ್ನು ಸುತ್ತಿಸಿ ದಪ್ಪ ಧೂಳನ್ನು ಮೊದಲೇ ಬೇರೆ ಮಾಡುವ ಪ್ರಿಕ್ಲೀನರ್ ಸಿಗುತ್ತದೆ. ಟ್ರಾಕ್ಟರಿನ ಮೇಲೆ ಬಟ್ಟಲಿನಂತೆ ಕಾಣುವುದು ಇದೇ ಜಾತಿಯದು. ಹೊರಗಿನ ಸಾಮಾನಿನಲ್ಲಿ ಹಣ ಹಾಕಲೇಬೇಕಿದ್ದರೆ ಇದರಲ್ಲಿ ಹಾಕಿ. ಆದರೆ ನಿಮ್ಮ ಎಂಜಿನ್ನಿನ ಗಾಳಿಯ ಅಳತೆಗೆ ತಕ್ಕುದೇ ಬೇಕು. ಇದು ಫಿಲ್ಟರಿಗೆ ಸಹಾಯ, ಫಿಲ್ಟರಿನ ಬದಲಿಯಲ್ಲ.

ಪ್ರಶ್ನೆ: ಹೊಸ ಫಿಲ್ಟರ್ ಹಾಕಿದರೂ ಕಪ್ಪು ಹೊಗೆ, ಎಳೆತವಿಲ್ಲ.
ಉತ್ತರ: ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಹೋಸು ನೋಡಿ. ಅಲ್ಲಿ ಗಾಳಿ ಒತ್ತಡದಲ್ಲಿರುತ್ತದೆ, ಸಂದು ಇದ್ದರೆ ಹೊರಗೆ ಹೋಗುತ್ತದೆ. ಆ ಜಾಗದಲ್ಲಿ ಎಣ್ಣೆಯ ಜಿಡ್ಡು, ಬುಸ್ ಎನ್ನುವ ಸದ್ದು ಗುರುತು. ಅಲ್ಲೂ ಸರಿಯಿದ್ದರೆ ಇಂಜೆಕ್ಟರ್ ತೋರಿಸಿ. ಬ್ರೇಕ್ ಹಿಡಿದುಕೊಂಡಿದ್ದರೂ ಎಳೆತ ಕಡಿಮೆಯಾಗುತ್ತದೆ.

ಪ್ರಶ್ನೆ: ವಾರಂಟಿ ಇರುವ ವಾಹನಕ್ಕೆ ಹೊರಗಿನ ಫಿಲ್ಟರ್ ಹಾಕಬಹುದೇ?
ಉತ್ತರ: ಗಾಳಿಯ ಪೈಪು, ಡಬ್ಬಿ ಬದಲಿಸಿದರೆ ಎಂಜಿನ್ ಕೆಟ್ಟಾಗ ಕಂಪನಿಯವರು ತಕರಾರು ತೆಗೆಯಬಹುದು. ವಾರಂಟಿ ಪುಸ್ತಕ ಓದಿ, ಶೋರೂಮಿನವರಿಂದ ಬರಹದಲ್ಲಿ ಕೇಳಿ ತಿಳಿಯದೆ ಕೈ ಹಾಕಬೇಡಿ.

ನೆನಪಿಡಿ

• ಫಿಲ್ಟರಿನ ಕೆಲಸ ಗಾಳಿ ಹೆಚ್ಚಿಸುವುದಲ್ಲ, ಧೂಳು ತಡೆಯುವುದು.
• ಡಬ್ಬಿ ಬದಲಿಸಬೇಡಿ, ಅದರೊಳಗಿನ ಫಿಲ್ಟರನ್ನು ಸಕಾಲಕ್ಕೆ ಬದಲಿಸಿ.
• ಒಳ್ಳೆಯ ಫಿಲ್ಟರಿಗಿಂತ ಮೊದಲು ಬಿಗಿಯಾದ ಹೋಸು, ಕ್ಲಿಪ್.
• ಕುಟ್ಟಬೇಡಿ, ತೊಳೆಯಬೇಡಿ, ಪದೇ ಪದೇ ತೆಗೆಯಬೇಡಿ.
• ಪೈಪಿನೊಳಗೆ ಧೂಳು ಕಂಡರೆ ಆ ದಿನವೇ ಕಾರಣ ಹುಡುಕಿ.

ಬಾಂಧವರೇ, ತೂತು ಬಿದ್ದ ಬಟ್ಟೆಯಲ್ಲಿ ಹಾಲು ಬೇಗ ಸೋಸಿ ಮುಗಿಯುತ್ತದೆ. ಅದನ್ನು ನೋಡಿ ಯಾವ ಗೃಹಿಣಿಯೂ ಒಳ್ಳೆಯ ಬಟ್ಟೆ ಸಿಕ್ಕಿತು ಎಂದು ಸಂತೋಷಪಡುವುದಿಲ್ಲ. ವಾಹನದ ವಿಷಯದಲ್ಲೂ ಅದೇ ವಿವೇಕ ಇರಲಿ. ಈ ವಾರ ಬಿಡುವು ಮಾಡಿಕೊಂಡು ನಿಮ್ಮ ವಾಹನದ ಬಾನೆಟ್ ಎತ್ತಿ, ಫಿಲ್ಟರಿನಿಂದ ಟರ್ಬೊವರೆಗಿನ ಹೋಸನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಅದಕ್ಕೆ ಹತ್ತು ನಿಮಿಷ ಸಾಕು, ಖರ್ಚೇನೂ ಇಲ್ಲ.